ರೇಚಲ್ ಕಾರ್ಸನ್ನರೂ ಮಕ್ಕಳ ಬೆರಗೂ

1956ನೆಯ ಇಸವಿಯ ಜುಲೈ ತಿಂಗಳಲ್ಲಿ, ಅಮೆರಿಕದ ಗೃಹಿಣಿಯರಿಗೆಂದೇ ಪ್ರಕಟವಾಗುತ್ತಿದ್ದ ‘ವುಮನ್ಸ್ ಹೋಮ್ ಕಂಪ್ಯಾನಿಯನ್’ ಎಂಬ ಮಾಸಪತ್ರಿಕೆಯಲ್ಲಿ, ಸೃಷ್ಟಿಯನ್ನು ಕಂಡು ಬೆರಗಾಗುವ ಶಕ್ತಿಯನ್ನು ಮಗುವಿನಲ್ಲಿ ಬೆಳಗಿಸಿಡಲು ಹಿರಿಯರು ಹೇಗೆ ನೆರವಾಗಬಹುದೆಂಬುದನ್ನು ಕುರಿತ ಒಂದು ಲೇಖನ ಅಚ್ಚಾಯಿತು. ನಲವತ್ತೊಂಬತ್ತು ವಯಸ್ಸಿನ ಓರ್ವ ಲೇಖಕಿ, ತಮ್ಮ ಅಕ್ಕನ ಮಗಳ ಮಗನಾದ ಎಳೆಯ ರೋಜರನನ್ನು ಜೊತೆಗೆ ಕರೆದುಕೊಂಡು ಕಡಲ ದಂಡೆಯಲ್ಲಿಯೂ ಮೇಯ್ನ್ ಪ್ರಾಂತದ ಕಾಡಿನಲ್ಲಿಯೂ ಸುತ್ತಾಡಿದ ವೃತ್ತಾಂತವೇ ಆ ಲೇಖನದ ಮುಖ್ಯ ಭಾಗ. ಶಿಕ್ಷಣಶಾಸ್ತ್ರದ ಮಂಡನೆಯಾಗಲಿ ಪಾಠಕ್ರಮದ ಸೂಚನೆಯಾಗಲಿ ಅದರಲ್ಲಿ ಇರಲಿಲ್ಲ. ಇದಾದ ಆರು ವರ್ಷಗಳಿಗೆ ಅದೇ ಲೇಖನಿಯಿಂದ ಹೊರಬಿದ್ದ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥ, ಕೀಟನಾಶಕಗಳ ವಿವೇಚನಾರಹಿತ ಪ್ರಯೋಗವನ್ನು ಬಯಲಿಗೆಳೆದು, ಒಂದು ರಾಷ್ಟ್ರದ ಶಾಸನಗಳನ್ನೇ ಮಾರ್ಪಡಿಸಿತು. ರೇಚಲ್ ಕಾರ್ಸನ್ನರೆಂದೊಡನೆ ಲೋಕಕ್ಕೆ ನೆನಪಾಗುವುದು ಈ ಎರಡನೆಯ ಕೃತಿ. ಮೊದಲನೆಯದನ್ನು ತಾಯ್ತನದ ಒಂದು ಸವಿಯಾದ ಹರಟೆಯೆಂದು ಬದಿಗಿಡುವವರೇ ಹೆಚ್ಚು. ಆದರೆ ಇವೆರಡೂ ಒಂದೇ ಬೇರಿನಿಂದ ಎದ್ದುವೆಂದೂ, ಹಕ್ಕಿಯೊಂದನ್ನು ಕಂಡು ಬಾಲ್ಯದಲ್ಲಿ ಹಿಗ್ಗಿದವರು ಮಾತ್ರವೇ ಆ ಹಕ್ಕಿ ಇಲ್ಲವಾದಾಗ ಏಕೆಂದು ಕೇಳಬಲ್ಲರೆಂಬ ಸತ್ಯವು ಆಕೆಯ ಇಡೀ ಬರವಣಿಗೆಯ ಬದುಕನ್ನು ಹಿಡಿದು ನಿಲ್ಲಿಸಿತ್ತೆಂದೂ ನಾನು ದೃಢವಾಗಿ ನಂಬಿದ್ದೇನೆ.

ಕಾರ್ಸನ್ನರು ಹುಟ್ಟಿದುದು 1907ನೆಯ ಮೇ 27ರಂದು, ಪೆನ್ಸಿಲ್ವೇನಿಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಪಟ್ಟಣದಲ್ಲಿ. ಉಕ್ಕಿನ ಕುಲುಮೆಗಳಿಗೆ ಹೆಸರಾದ ಪಿಟ್ಸ್‌ಬರ್ಗ್ ನಗರ ಅಲ್ಲಿಂದ ಬಹುದೂರವಿರಲಿಲ್ಲ. ಅಲೆಘೆನಿ ನದಿಯ ದಂಡೆಗುಂಟ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಊರಿನಲ್ಲಿಯೇ ಅಂಟು ತಯಾರಿಸುವ ಒಂದು ಕಾರ್ಖಾನೆಯಿದ್ದು ಅದರ ದುರ್ಗಂಧ ಗಾಳಿಯಲ್ಲಿ ಹರಡಿರುತ್ತಿತ್ತು. ತಂದೆ ರಾಬರ್ಟ್ ಕಾರ್ಸನ್ನರು, ಮುಂದೆ ನಿವೇಶನಗಳಾಗಿ ಮಾರಿ ಲಾಭ ಪಡೆಯುವ ಆಸೆಯಿಂದ, ಊರಿನ ಏರಿನಲ್ಲಿ ಸುಮಾರು 65 ಎಕರೆ ಭೂಮಿಯನ್ನು ಕೊಂಡಿದ್ದರು. ನಿವೇಶನಗಳಿಗೆ ಅವರೆಣಿಸಿದಷ್ಟು ಗಿರಾಕಿಗಳು ಒದಗಲಿಲ್ಲ. ಕುಟುಂಬಕ್ಕೆ ಹಣದ ಮುಗ್ಗಟ್ಟು ತಪ್ಪಲಿಲ್ಲ. ಆದರೆ ಆ ಮಾರಾಟವಾಗದ ನೆಲ, ತನ್ನ ಸೇಬಿನ ತೋಪು, ಕುರುಚಲು ಕಾಡು, ತೊರೆಗಳೊಡನೆ, ಮನೆಯ ಕಿರಿಯ ಮಗಳಿಗೆ ದಕ್ಕಿತು. ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರ ಮಗಳಾಗಿ, ಮದುವೆಗೆ ಮುನ್ನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ತಾಯಿ ಮರಿಯಾ, ಆ ಕಾಡಿನಲ್ಲಿ ಮಗಳೊಡನೆ ದಿನವೂ ತಿರುಗಾಡಿದರು. ಸಾಧ್ಯವಾದರೆ ಯಾವ ಜೀವಿಯನ್ನೂ ಕೊಲ್ಲಬಾರದು, ಮನೆಯೊಳಗೆ ಸೇರಿದ ಹುಳುವನ್ನೂ ಹಿಡಿದು ಹೊರಗೆ ಬಿಡಬೇಕು ಎಂಬುದು ಆ ತಾಯಿ ಪಾಲಿಸಿಕೊಂಡು ಬಂದ ವ್ರತವಾಗಿತ್ತು.

ಈ ತಾಯಿಯ ಶ್ರದ್ಧೆಯ ಹಿಂದೆ ಒಂದು ದೊಡ್ಡ ಆಂದೋಲನವಿತ್ತು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅಮೆರಿಕದ ಹಳ್ಳಿಗಳು ಬರಿದಾಗಿ ನಗರಗಳು ಉಬ್ಬತೊಡಗಿದಾಗ, ಮಕ್ಕಳು ಮಣ್ಣಿನ ಪರಿಚಯವಿಲ್ಲದೆಯೇ ಬೆಳೆದುಬಿಡುವರೆಂಬ ಕಳವಳ ಅಲ್ಲಿನ ವಿದ್ವಾಂಸರನ್ನು ಕಾಡಿತು. ಲೂಯಿ ಅಗಾಸಿಯೆಂಬ ಪ್ರಾಣಿಶಾಸ್ತ್ರಜ್ಞರು 1873ರಷ್ಟು ಹಿಂದೆಯೇ ಪೆನಿಕೀಸ್ ಎಂಬ ದ್ವೀಪದಲ್ಲಿ ಬೇಸಗೆಯ ಶಾಲೆಯೊಂದನ್ನು ತೆರೆದು, ಉಪಾಧ್ಯಾಯರು ಪುಸ್ತಕಗಳಿಗಿಂತ ಮೊದಲು ಪ್ರಕೃತಿಯನ್ನೇ ಓದಬೇಕೆಂದು ಬೋಧಿಸಿದ್ದರು. ಆಮೇಲೆ ನ್ಯೂಯಾರ್ಕ್ ಸಂಸ್ಥಾನದಲ್ಲಿ ಕೃಷಿಯ ಮುಗ್ಗಟ್ಟು ಒದಗಿ ರೈತಕುಟುಂಬಗಳು ಪಟ್ಟಣ ಸೇರತೊಡಗಿದಾಗ, ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೈಲಿ, ಆನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಮೊದಲಾದವರು ಹಳ್ಳಿಯ ಶಾಲೆಗಳಿಗಾಗಿ ಪ್ರಕೃತಿಪಾಠದ ಕಿರುಹೊತ್ತಗೆಗಳನ್ನು ಸಿದ್ಧಪಡಿಸಿ ಹಂಚಿದರು. ಶ್ರೀಮತಿ ಕಾಮ್‌ಸ್ಟಾಕರು 1911ರಲ್ಲಿ ಪ್ರಕಟಿಸಿದ ಪ್ರಕೃತಿಪಾಠದ ಕೈಪಿಡಿ ಅತಿ ದಪ್ಪನೆಯ ಗ್ರಂಥವಾಗಿದ್ದು, ಪ್ರಕಾಶಕರಿಗೆ ನಷ್ಟವೇ ಗತಿಯೆಂದು ಹಲವರು ಭಾವಿಸಿದ್ದರೂ, ಇಪ್ಪತ್ತಕ್ಕೂ ಮಿಕ್ಕ ಆವೃತ್ತಿಗಳನ್ನು ಕಂಡಿತು. ಆ ಕೈಪಿಡಿಯಲ್ಲಿ ನನಗೆ ಅತ್ಯಂತ ಅಮೂಲ್ಯವೆಂದು ತೋರುವುದು ಉಪಾಧ್ಯಾಯರಿಗೆ ಹೇಳಿದ ಒಂದು ಧೈರ್ಯದ ಮಾತು: ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದಲ್ಲಿ, ತಿಳಿಯದೆಂದು ಒಪ್ಪಿಕೊಳ್ಳಲು ಅಂಜಬಾರದು, ಇಬ್ಬರೂ ಸೇರಿ ಹುಡುಕೋಣವೆಂದು ಹೇಳಿ ಹೊರಡಬೇಕು. ಸರ್ವಜ್ಞನಂತೆ ನಟಿಸುವ ಗುರುವಿಗಿಂತ ಜೊತೆಯಲ್ಲಿ ಹುಡುಕುವ ಗುರು ಮಗುವಿಗೆ ಹೆಚ್ಚು ಬೇಕಾದವನೆಂಬ ಈ ತತ್ತ್ವವನ್ನು ಮರಿಯಾ ಕಾರ್ಸನ್ನರು ತಮ್ಮ ಮನೆಯಲ್ಲಿ ಆಚರಣೆಗೆ ತಂದರು. ಅರ್ಧ ಶತಮಾನದ ಬಳಿಕ ಅವರ ಮಗಳು ಅದನ್ನೇ ಇನ್ನೂ ಆಳವಾಗಿ ಹೇಳಲಿದ್ದಳು.

ಹುಡುಗಿಯ ಬರವಣಿಗೆ ಬಹು ಬೇಗನೆ ಬೆಳಕು ಕಂಡಿತು. ಮಕ್ಕಳ ಬರೆಹಗಳಿಗಾಗಿ ಒಂದು ವಿಭಾಗವನ್ನೇ ಮೀಸಲಿಟ್ಟಿದ್ದ ‘ಸೇಂಟ್ ನಿಕೊಲಸ್’ ಎಂಬ ಮಕ್ಕಳ ಮಾಸಪತ್ರಿಕೆಯಲ್ಲಿ 1918ರಲ್ಲಿ, ಆಕೆಗೆ ಹನ್ನೊಂದು ವರ್ಷವಾಗಿದ್ದಾಗ, ವಿಮಾನಯುದ್ಧದ ಒಂದು ಕಥೆ ಪ್ರಕಟವಾಯಿತು. ಯುದ್ಧದ ಕಥೆಗಳನ್ನು ಬಿಟ್ಟು ತನಗೆ ನಿಜವಾಗಿ ಪ್ರಿಯವಾದ ವಸ್ತುವಿಗೆ ಆಕೆ ಬಂದುದು ಹದಿನೈದನೆಯ ವಯಸ್ಸಿನಲ್ಲಿ. 1922ರಲ್ಲಿ ಅದೇ ಪತ್ರಿಕೆಯಲ್ಲಿ, ಸಾಕುನಾಯಿಯನ್ನು ಜೊತೆಮಾಡಿಕೊಂಡು ಪೆನ್ಸಿಲ್ವೇನಿಯದ ಗುಡ್ಡಗಳಲ್ಲಿ ಹಕ್ಕಿಗೂಡುಗಳನ್ನು ಅರಸುತ್ತ ಕಳೆದ ಒಂದು ದಿನದ ವರ್ಣನೆ ಬಂದಿತು. ಕಾಲೇಜಿನಲ್ಲಿ ಆಕೆ ಮೊದಲು ಆರಿಸಿಕೊಂಡುದು ಇಂಗ್ಲಿಷ್ ಸಾಹಿತ್ಯ. ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಪ್ರಾಧ್ಯಾಪಿಕೆಯ ಪಾಠಗಳು ಮನಸ್ಸನ್ನು ಜೀವಶಾಸ್ತ್ರದ ಕಡೆಗೆ ಸೆಳೆದಾಗ, ಲೇಖಕಿಯಾಗುವ ಕನಸನ್ನು ವಿಜ್ಞಾನಕ್ಕಾಗಿ ತ್ಯಜಿಸಬೇಕಾಯಿತೆಂದೇ ಆಕೆ ಬಗೆದಿದ್ದಳು. ಒಳನಾಡಿನಲ್ಲಿ ಬೆಳೆದು, ಪುಸ್ತಕಗಳಲ್ಲಿ ಮಾತ್ರ ಕಡಲನ್ನು ಕಂಡಿದ್ದ ಈ ತರುಣಿ, ಮೊದಲ ಬಾರಿಗೆ ನಿಜವಾದ ಕಡಲನ್ನು ನೋಡಿದುದು 1929ರ ಬೇಸಗೆಯಲ್ಲಿ, ವುಡ್ಸ್ ಹೋಲಿನ ಸಮುದ್ರಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ದೊರೆಯಿತಾದರೂ, ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಮುಂದಿನ ವ್ಯಾಸಂಗಕ್ಕೆ ಅವಕಾಶವಾಗಲಿಲ್ಲ. 1935ರಲ್ಲಿ ತಂದೆ ತೀರಿಕೊಂಡರು. ಎರಡು ವರ್ಷದೊಳಗೆ ಅಕ್ಕನೂ ತೀರಿಕೊಂಡು ಆಕೆಯ ಇಬ್ಬರು ಹೆಣ್ಣುಮಕ್ಕಳ ಪೋಷಣೆ ರೇಚಲ್ ಮತ್ತು ಮರಿಯಾ ಇವರ ಪಾಲಿಗೆ ಬಂದಿತು. ಜೀವನೋಪಾಯಕ್ಕಾಗಿ ಆಕೆ ಸರಕಾರದ ಮೀನುಗಾರಿಕೆ ಇಲಾಖೆಯ ಬಾಗಿಲು ತಟ್ಟಿದಾಗ, ಅಲ್ಲಿನ ಎಲ್ಮರ್ ಹಿಗಿನ್ಸ್ ಎಂಬ ಅಧಿಕಾರಿಗಳು ರೇಡಿಯೋಗಾಗಿ ಸಮುದ್ರಜೀವಿಗಳ ಕುರಿತ 52 ಕಿರುರೂಪಕಗಳನ್ನು ಬರೆಯುವ ಕೆಲಸ ಕೊಟ್ಟರು. ಅನಂತರ ಇಲಾಖೆಯ ಪ್ರಕಟಣೆಯೊಂದಕ್ಕೆ ಪೀಠಿಕೆ ಬರೆದುಕೊಡಲು ಹೇಳಿ, ಆಕೆ ತಂದುಕೊಟ್ಟುದನ್ನು ಓದಿದ ಹಿಗಿನ್ಸರು, ಇದು ಸರಕಾರದ ಕಾಗದಪತ್ರಗಳ ಮಟ್ಟವನ್ನು ಮೀರಿದುದೆಂದು ಹೇಳಿ ಅದನ್ನು ‘ಅಟ್ಲಾಂಟಿಕ್ ಮಂಥ್ಲಿ’ಗೆ ಕಳುಹಿಸಲು ಸೂಚಿಸಿದರು. 1937ರ ಸೆಪ್ಟೆಂಬರಿನಲ್ಲಿ ಅದು ಪ್ರಕಟವಾಯಿತು. ತಾನು ತ್ಯಜಿಸಿದೆನೆಂದು ತಿಳಿದಿದ್ದ ಸಾಹಿತ್ಯಕ್ಕೆ ವಸ್ತುವನ್ನು ಒದಗಿಸಿಕೊಟ್ಟುದು ವಿಜ್ಞಾನವೇ ಎಂಬುದು ಆಕೆಗೆ ಆಗ ಮನದಟ್ಟಾಯಿತು.

ಮೊದಲ ಪುಸ್ತಕ ‘ಅಂಡರ್ ದ ಸೀ ವಿಂಡ್’ 1941ರ ನವೆಂಬರಿನಲ್ಲಿ ಹೊರಬಂದಿತು. ಮರುತಿಂಗಳೇ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ದೇಶ ಯುದ್ಧಕ್ಕಿಳಿದುದರಿಂದ ಅದನ್ನು ಕೇಳುವವರಿಲ್ಲದಾಯಿತು. ಹತ್ತು ವರ್ಷಗಳ ತರುವಾಯ, 1951ರಲ್ಲಿ, ‘ದ ಸೀ ಅರೌಂಡ್ ಅಸ್’ ಬಂದಾಗ ಕಥೆಯೇ ಬೇರೆ: ಅದು ನ್ಯೂಯಾರ್ಕ್ ಟೈಮ್ಸಿನ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ 86 ವಾರ ಉಳಿಯಿತು, ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆಯಿತು, ಅನೇಕ ಭಾಷೆಗಳಿಗೆ ಹೋಯಿತು. ಕನ್ನಡಕ್ಕೆ ಅದನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಿಂದ ತಂದವರು ಕೋಟ ಶಿವರಾಮ ಕಾರಂತರು. ಕೋಟದ ಕಡಲ ಮಗ್ಗುಲಲ್ಲಿ ಹುಟ್ಟಿ, ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ರಚಿಸಿ, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ಕಾರಂತರಿಗೆ ಈ ಲೇಖಕಿಯಲ್ಲಿ ಸಮಾನಧರ್ಮವೊಂದು ಕಂಡಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಈ ನಡುವಣ ದಶಕದಲ್ಲಿ ಆಕೆ ಸರಕಾರಿ ನೌಕರಳಾಗಿ ಮಾಡಿದ ಕೆಲಸವನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದುಂಟು. ಅದು ನ್ಯಾಯವಲ್ಲವೆಂದು ನನ್ನ ಎಣಿಕೆ. ವನ್ಯಜೀವಿ ಇಲಾಖೆಯ ಪ್ರಕಟಣೆಗಳ ಹೊಣೆ ಹೊತ್ತ ಆಕೆ, 1947ರಿಂದ ರಾಷ್ಟ್ರದ ಹಕ್ಕಿಧಾಮಗಳನ್ನು ಕುರಿತ ಕಿರುಹೊತ್ತಗೆಗಳ ಮಾಲೆಯೊಂದನ್ನು ಆರಂಭಿಸಿ, ಹಲವನ್ನು ತಾವೇ ಬರೆದರು. ವರ್ಜೀನಿಯದ ಚಿಂಕಟೀಗ್, ಮ್ಯಾಸಚೂಸೆಟ್ಸಿನ ಪಾರ್ಕರ್ ರಿವರ್, ನಾರ್ತ್ ಕ್ಯಾರೊಲಿನದ ಮಟಮಸ್ಕೀಟ್ ಮೊದಲಾದ ಧಾಮಗಳ ಜೌಗುನೆಲಗಳಲ್ಲಿ ತಾವೇ ನಡೆದಾಡಿ, ದೂರದ ಉತ್ತರದಿಂದ ಬರುವ ಬಾತುಗಳಿಗೆ ಆ ನೀರು ಏಕೆ ಬೇಕು, ಆ ನೀರನ್ನು ಕಾಪಾಡುವುದರಿಂದ ನೆರೆಹೊರೆಯ ಬೆಸ್ತರಿಗೂ ರೈತರಿಗೂ ಏನು ಲಾಭ ಎಂಬುದನ್ನು, ಆಯಾ ಊರಿನವರು ಓದಿ ಒಪ್ಪಬಹುದಾದ ಸರಳ ಭಾಷೆಯಲ್ಲಿ ವಿವರಿಸಿದರು. ಧಾಮವನ್ನು ತಮ್ಮ ಹಕ್ಕುಗಳಿಗೆ ಅಡ್ಡ ಬಂದ ಸರಕಾರದ ಬೇಲಿಯೆಂದು ಬಗೆದಿದ್ದ ಜನರೂ ಅದನ್ನು ತಮ್ಮ ಊರಿನ ಆಸ್ತಿಯೆಂದು ಕಾಣುವಂತಾಗಬೇಕೆಂಬುದೇ ಆ ಹೊತ್ತಗೆಗಳ ಉದ್ದೇಶ. ‘ದ ಸೀ ಅರೌಂಡ್ ಅಸ್’ ಗ್ರಂಥದಿಂದ ಬಂದ ಹಣ ಬದುಕಿಗೆ ಸಾಲುವಷ್ಟಾದಾಗ, 1952ರಲ್ಲಿ ಆಕೆ ನೌಕರಿ ಬಿಟ್ಟರು. ಮೇಯ್ನ್ ಪ್ರಾಂತದ ಸೌತ್‌ಪೋರ್ಟ್ ದ್ವೀಪದಲ್ಲಿ, ಶೀಪ್‌ಸ್ಕಾಟ್ ನದಿ ಕಡಲನ್ನು ಸೇರುವಲ್ಲಿ, ಒಂದು ಬೇಸಗೆಯ ಮನೆಯನ್ನು ಕಟ್ಟಿಸಿಕೊಂಡರು. 1952ರಲ್ಲಿಯೇ ಅಕ್ಕನ ಕಿರಿಯ ಮಗಳಾದ ಮಾರ್ಜರಿಗೆ ರೋಜರ್ ಹುಟ್ಟಿದನು.

ಮಕ್ಕಳ ಬೆರಗನ್ನು ಕುರಿತ ಆ ಲೇಖನದ ಆರಂಭವನ್ನು ಓದಿದವರು ಮರೆಯಲಾರರು. ಶರತ್ಕಾಲದ ಒಂದು ಬಿರುಗಾಳಿಯ ರಾತ್ರಿ, ಇನ್ನೂ ಎರಡು ತುಂಬದ ರೋಜರನನ್ನು ಕಂಬಳಿಯಲ್ಲಿ ಸುತ್ತಿ, ಮಳೆ ಸುರಿಯುವ ಕತ್ತಲೆಯಲ್ಲಿ ಕಡಲ ದಂಡೆಗೆ ಎತ್ತಿಕೊಂಡು ಹೋದರು ಆ ಅಜ್ಜಿ. ಕಣ್ಣಿಗೆ ಸರಿಯಾಗಿ ಕಾಣದಷ್ಟು ದೂರದಲ್ಲಿ ಅಲೆಗಳು ಗುಡುಗುತ್ತಿದ್ದವು. ಬಿಳಿಯ ನೊರೆಯ ಮುದ್ದೆಗಳನ್ನು ಅವರ ಮೇಲೆ ಎಸೆಯುತ್ತಿದ್ದವು. ಮೊದಲ ಬಾರಿಗೆ ಸಾಗರದ ಆರ್ಭಟವನ್ನು ಎದುರಿಸಿದ ಮಗುವೂ, ಅರ್ಧ ಆಯುಷ್ಯವನ್ನು ಕಡಲಿನ ಧ್ಯಾನದಲ್ಲಿ ಕಳೆದ ಹಿರಿಯರೂ, ಇಬ್ಬರೂ ಒಂದೇ ಬಗೆಯ ಆನಂದದಿಂದ ನಕ್ಕರು. ಒಂದೆರಡು ರಾತ್ರಿ ಕಳೆದು ಗಾಳಿ ಇಳಿದ ಮೇಲೆ, ಮತ್ತೆ ಅದೇ ದಂಡೆಗೆ, ಈ ಸಲ ಟಾರ್ಚ್ ಹಿಡಿದುಕೊಂಡು, ಹಗಲಿನಲ್ಲಿ ಬಿಲದೊಳಗೆ ಅಡಗಿ ರಾತ್ರಿ ಹೊರಬರುವ ಮರಳಿನ ಬಣ್ಣದ ಏಡಿಗಳನ್ನು ಹುಡುಕಲು ಹೋದರು. ಮಲಗುವ ಹೊತ್ತಿನಲ್ಲಿ ಮಗುವನ್ನು ಹೀಗೆ ಹೊರಗೆ ಒಯ್ಯುವುದನ್ನು ಎಷ್ಟು ಮನೆಯವರು ಒಪ್ಪುವರು? ಬಟ್ಟೆ ಒದ್ದೆಯಾದೀತು, ಕೆಸರು ಮನೆಯೊಳಗೆ ಬಂದೀತು, ನಿದ್ದೆ ಕೆಟ್ಟೀತು ಎಂಬ ಅನುಕೂಲದ ಲೆಕ್ಕಾಚಾರದಿಂದ ಹಿರಿಯರು ಮಕ್ಕಳಿಗೆ ಎಂತೆಂಥ ಸಂತೋಷಗಳನ್ನು ತಪ್ಪಿಸಿಬಿಡುವರೆಂದು ಕಾರ್ಸನ್ನರು ಮರುಗುತ್ತಾರೆ. ಹುಣ್ಣಿಮೆಯ ಚಂದ್ರ ಕೊಲ್ಲಿಯ ನೀರಿನ ಮೇಲೆ ಇಳಿಯುವುದನ್ನು ನೋಡಲೆಂದು ರೋಜರನನ್ನು ಹೊತ್ತುಮೀರಿ ಎಚ್ಚರವಾಗಿಟ್ಟ ರಾತ್ರಿಗಳನ್ನು, ಕಳೆದುಕೊಂಡ ನಿದ್ದೆಗಿಂತ ಎಷ್ಟೋ ಪಾಲು ಮಿಗಿಲಾದ ಗಳಿಕೆಯೆಂದು ಆಕೆ ಎಣಿಸಿದರು.

ಮೇಯ್ನಿನ ಕಾಡನ್ನು ನೋಡಲು ಮಳೆಯ ದಿನವೇ ಪ್ರಶಸ್ತವೆಂದು ಆಕೆ ಹೇಳುವುದು ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಅರ್ಥವಾಗುವ ಮಾತು. ಒಣಗಿದಾಗ ಕಾಲಡಿಯಲ್ಲಿ ಪುಡಿಯಾಗುವ ಕಲ್ಲುಹೂವು ಮಳೆ ಕುಡಿದು ಮೆತ್ತಗಾದಾಗ, ಮಗು ತನ್ನ ದುಂಡುಮೊಣಕಾಲುಗಳನ್ನು ಅದರ ಮೇಲೆ ಊರಿ ಒತ್ತಿ ನೋಡಿ ಸಂತೋಷಪಡುತ್ತದೆ. ಸ್ಪ್ರೂಸ್ ಮರದ ಬುಡದಲ್ಲಿ ಮೊಳೆತ ಎಳೆಯ ಸಸಿಗಳನ್ನು ಕಂಡಾಗ, ಇದು ಅಳಿಲಿನ ಕ್ರಿಸ್ಮಸ್ ಮರ, ಇನ್ನೂ ಪುಟ್ಟದಾದ ಅದು ಹುಳುಗಳದ್ದು ಎಂದು ಇಬ್ಬರೂ ಸೇರಿ ಆಟ ಕಟ್ಟುತ್ತಾರೆ. ರೋಜರನಿಗೆ ಆಕೆ ಒಂದು ದಿನವೂ ಪಾಠ ಹೇಳಲಿಲ್ಲ. ಕೂರಿಸಿ ಹೆಸರು ಹೇಳಿಕೊಡಲಿಲ್ಲ. ತಮಗೆ ಕಂಡುದರ ಕಡೆಗೆ, ಸಮವಯಸ್ಕ ಗೆಳೆಯನೊಬ್ಬನಿಗೆ ತೋರಿಸುವ ರೀತಿಯಲ್ಲಿ, ಹಿಗ್ಗಿನಿಂದ ಕೈತೋರಿಸಿದರು ಅಷ್ಟೆ. ಆದರೂ ಬಂಡೆಯ ಮೇಲಿನ ಶಂಖುಹುಳುಗಳ, ಚಿಪ್ಪುಗಳ ಹೆಸರುಗಳು ಆ ಮಗುವಿನ ನಾಲಗೆಯ ಮೇಲೆ ತಾವಾಗಿಯೇ ನಿಂತುದನ್ನು ಕಂಡು ಆಕೆಗೇ ಆಶ್ಚರ್ಯವಾಯಿತು.

ಇಲ್ಲಿಂದ ಆಕೆ ತಮ್ಮ ಮುಖ್ಯ ಪ್ರತಿಪಾದನೆಗೆ ಬರುತ್ತಾರೆ. ಒಂದು ಹಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದ ನಾನು ಮಗುವಿಗೆ ಏನು ಕಲಿಸಬಲ್ಲೆನೆಂದು ಕೊರಗುವ ತಾಯಿತಂದೆಯರಿಗೆ ಆಕೆ ಕೊಡುವ ಉತ್ತರವಿದು: ಎಳೆಯ ವಯಸ್ಸು ಮಣ್ಣನ್ನು ಹದಗೊಳಿಸುವ ಕಾಲ; ವಿಷಯಜ್ಞಾನವೆಂಬುದು ಮುಂದೆ ಮೊಳೆಯಬೇಕಾದ ಬೀಜವಾದರೆ, ಭಾವನೆಗಳೂ ಇಂದ್ರಿಯಗಳ ಅನುಭವವೂ ಆ ಬೀಜ ಬೀಳಬೇಕಾದ ನೆಲ. ಸೌಂದರ್ಯದ ಅರಿವು, ಹೊಸದನ್ನು ಕಂಡಾಗಿನ ಪುಳಕ, ಕನಿಕರ, ಮೆಚ್ಚುಗೆ, ಪ್ರೀತಿ ಇವು ಒಮ್ಮೆ ಎಚ್ಚತ್ತವೆಂದರೆ, ಆ ವಸ್ತುವನ್ನು ಕುರಿತ ಜ್ಞಾನವನ್ನು ಮಗು ತಾನೇ ಬಯಸಿ ಪಡೆಯುತ್ತದೆ; ಹಾಗೆ ಬಯಸಿ ಪಡೆದುದು ಉಳಿಯುತ್ತದೆ. ಹುಟ್ಟಿನಿಂದ ಬಂದ ಬೆರಗು ಮಗುವಿನಲ್ಲಿ ಬಾಡದಿರಬೇಕಾದರೆ ಅದನ್ನು ಹಂಚಿಕೊಳ್ಳಬಲ್ಲ ಓರ್ವ ಹಿರಿಯ ವ್ಯಕ್ತಿಯಾದರೂ ಅದಕ್ಕೆ ಜೊತೆಗಿರಬೇಕು. ಇದಕ್ಕೆ ಬೇಕಾದ ಸಲಕರಣೆಗಳೂ ಅಲ್ಪವೇ. ಕೈಯಲ್ಲಿ ಹಿಡಿಯುವ ಒಂದು ಭೂತಗನ್ನಡಿಯಿದ್ದರೆ ಹಿಡಿಯಷ್ಟು ಹಾವಸೆ ಒಂದು ದಟ್ಟಡವಿಯಾಗುತ್ತದೆ. ನಗರದ ನಡುವೆ ವಾಸಿಸುವವರಿಗೂ ಆಕಾಶವಿದೆ, ಕಿಟಕಿಯ ಸಂದಿನಲ್ಲಿ ಹಾಡುವ ಗಾಳಿಯಿದೆ, ಮಳೆಯ ಹನಿಯ ಹಾದಿಯನ್ನು ಕುರಿತು ಯೋಚಿಸುವ ಅವಕಾಶವಿದೆ. ಶರತ್ಕಾಲದ ಹುಣ್ಣಿಮೆಯಲ್ಲಿ ದುರ್ಬೀನು ಹಿಡಿದು ಕಾದು ಕುಳಿತರೆ ಚಂದ್ರಬಿಂಬಕ್ಕೆ ಅಡ್ಡಲಾಗಿ ವಲಸೆ ಹೋಗುವ ಹಕ್ಕಿಗಳು ಕಾಣುತ್ತವೆ. ಇದನ್ನು ಹಿಂದೆ ಎಂದೂ ಕಾಣದಿದ್ದರೆ ನನಗೆ ಹೇಗೆ ತೋರುತ್ತಿತ್ತು, ಇನ್ನು ಮುಂದೆ ಎಂದೂ ಕಾಣಲಾರೆನೆಂದು ತಿಳಿದಿದ್ದರೆ ಹೇಗೆ ತೋರುತ್ತಿತ್ತು ಎಂದು ತನ್ನನ್ನು ತಾನೇ ಕೇಳಿಕೊಳ್ಳುವ ಅಭ್ಯಾಸವನ್ನು ಆಕೆ ಹಿರಿಯರಿಗೆ ಕಲಿಸಬಯಸಿದರು.

ಲೇಖನ ಪ್ರಕಟವಾದ ಮರುವರ್ಷದ ಆದಿಯಲ್ಲಿಯೇ ಮಾರ್ಜರಿ ತೀರಿಕೊಂಡಳು. ಐದು ವರ್ಷದ ರೋಜರನನ್ನು ಕಾರ್ಸನ್ನರು ದತ್ತು ತೆಗೆದುಕೊಂಡರು. ಎಳೆಯ ಹುಡುಗ, ಮುದಿತಾಯಿ, ಕೆಡುತ್ತಿದ್ದ ತಮ್ಮ ಆರೋಗ್ಯ ಇವುಗಳ ನಡುವೆ ಆಕೆಯ ಕಡೆಯ ಮಹಾಕಾರ್ಯ ಆರಂಭವಾಯಿತು. ಮತ್ತು ಅದನ್ನು ಆರಂಭಿಸುವಂತೆ ಮಾಡಿದವರು ಸಾಮಾನ್ಯ ನಾಗರಿಕರು.

ಮ್ಯಾಸಚೂಸೆಟ್ಸಿನ ಡಕ್ಸ್‌ಬರಿಯಲ್ಲಿ ಓಲ್ಗಾ ಓವೆನ್ಸ್ ಹಕಿನ್ಸ್ ಎಂಬವರು ತಮ್ಮ ಮನೆಯ ಹಿತ್ತಿಲನ್ನೇ ಹಕ್ಕಿಗಳ ಆಶ್ರಯವಾಗಿ ಕಾಪಾಡಿಕೊಂಡು ಬಂದಿದ್ದರು. 1957ರ ಬೇಸಗೆಯಲ್ಲಿ ಸೊಳ್ಳೆಗಳ ನಿವಾರಣೆಗೆಂದು ಸರಕಾರದ ವಿಮಾನ ಆ ಪ್ರದೇಶದ ಮೇಲೆಲ್ಲ ಡಿಡಿಟಿ ಎಂಬ ಕೀಟನಾಶಕ ಬೆರೆತ ದ್ರವವನ್ನು ಸಿಂಪಡಿಸಿದಾಗ, ತಾವು ಹೆಸರು ಹಿಡಿದು ಬಲ್ಲ ಹಕ್ಕಿಗಳು ನೀರಿನ ತೊಟ್ಟಿಯ ಸುತ್ತ ಸತ್ತುಬಿದ್ದುದನ್ನು ಕಂಡು, 1958ರ ಜನವರಿಯಲ್ಲಿ ‘ಬಾಸ್ಟನ್ ಹೆರಾಲ್ಡ್’ ಪತ್ರಿಕೆಗೆ ರೋಷದಿಂದ ಪತ್ರ ಬರೆದರು. ಅದರ ಸಂಗತಿಯನ್ನು ಕಾರ್ಸನ್ನರಿಗೂ ತಿಳಿಸಿದರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣ ಇನ್ನೊಂದು ನಿದರ್ಶನ. ಎಲ್ಮ್ ಮರಗಳಿಗೆ ತಗುಲುವ ಒಂದು ರೋಗವನ್ನು ಹರಡುವ ಕೀಟವನ್ನು ಕೊಲ್ಲಲೆಂದು 1954ರಿಂದ ಅಲ್ಲಿ ಡಿಡಿಟಿ ಸಿಂಪಡಿಸತೊಡಗಿದರು. ಕೆಲವು ವಸಂತಗಳಲ್ಲಿ ರಾಬಿನ್ ಹಕ್ಕಿಗಳು ವಲಸೆಯಿಂದ ಎಂದಿನಂತೆ ಬಂದು, ನಡುಗಿ, ಒದ್ದಾಡಿ ಸತ್ತವು. ಅಲ್ಲಿನ ಪಕ್ಷಿಶಾಸ್ತ್ರಜ್ಞ ಜಾರ್ಜ್ ವಾಲೇಸರು ಇದನ್ನು ಕ್ರಮವಾಗಿ ದಾಖಲಿಸಿದರು. ವಿಷ ಹಕ್ಕಿಯ ಮೇಲೆ ಬಿದ್ದಿರಲಿಲ್ಲ. ಅದು ಎಲೆಯ ಮೇಲೆ ಪೊರೆಯಾಗಿ ಕುಳಿತಿತ್ತು. ಎಲೆ ಉದುರಿ ನೆಲ ಸೇರಿತು. ಕೊಳೆಯುವ ಎಲೆಯನ್ನು ಎರೆಹುಳು ತಿಂದಿತು. ವಿಷ ಎರೆಹುಳುವಿನ ಒಡಲಲ್ಲಿ ಸಂಚಯವಾಯಿತು. ಮರುವರ್ಷ ಬಂದ ರಾಬಿನ್ ಆ ಹುಳುಗಳನ್ನು ತಿಂದಿತು. ದೊಡ್ಡ ಗಾತ್ರದ 11 ಎರೆಹುಳುಗಳೊಳಗಿನ ವಿಷ ಒಂದು ರಾಬಿನ್ ಹಕ್ಕಿಯ ಪ್ರಾಣ ತೆಗೆಯಲು ಸಾಕೆಂದು ಇಲಿನಾಯಿಯಲ್ಲಿ ರಾಯ್ ಬಾರ್ಕರರು ಕಂಡುಕೊಂಡಿದ್ದರು. ಅಷ್ಟನ್ನು ತಿನ್ನಲು ಆ ಹಕ್ಕಿಗೆ ಅಷ್ಟೇ ನಿಮಿಷಗಳು ಸಾಕು.

‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದ ನೂರಾರು ನಿದರ್ಶನಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟಿದುದು ಇಲಿನಾಯಿಯ ಹಿನ್ಸ್‌ಡೇಲ್ ಎಂಬ ಊರಿನ ಗೃಹಿಣಿಯೊಬ್ಬರು ಪಕ್ಷಿತಜ್ಞರೊಬ್ಬರಿಗೆ ಬರೆದ ಪತ್ರ. ಊರಿನ ಎಲ್ಮ್ ಮರಗಳಿಗೆ ಹಲವು ವರ್ಷಗಳಿಂದ ಮದ್ದು ಹೊಡೆಯುತ್ತಿದ್ದುದರಿಂದ ಹಕ್ಕಿಗಳೆಲ್ಲ ಇಲ್ಲವಾದುವೆಂದು ತಿಳಿಸುತ್ತ, ಹಕ್ಕಿಗಳನ್ನು ಕೊಲ್ಲುವುದು ಕಾಯಿದೆಯ ಪ್ರಕಾರ ನಿಷಿದ್ಧವೆಂದು ಶಾಲೆಯಲ್ಲಿ ಕಲಿತುಬಂದ ಮಕ್ಕಳಿಗೆ, ಆ ಹಕ್ಕಿಗಳನ್ನು ಕೊಂದಿದ್ದಾರೆಂಬ ಸಂಗತಿಯನ್ನು ಹೇಗೆ ವಿವರಿಸಬೇಕೆಂಬ ಸಂಕಟವನ್ನು ಆಕೆ ತೋಡಿಕೊಂಡಿದ್ದರು. ಹಕ್ಕಿಗಳು ಮತ್ತೆ ಬರುವುವೇ ಎಂದು ಮಕ್ಕಳು ಕೇಳಿದರೆ ಕೊಡಲು ಅವರಲ್ಲಿ ಉತ್ತರವಿರಲಿಲ್ಲ. ಆ ಊರಿನಲ್ಲಿ ಪ್ರಶ್ನೆ ಎದ್ದುದು ಹೇಗೆ? ಹಕ್ಕಿಗಳಿಗಾಗಿ ಕಾಳು ಇಡುತ್ತಿದ್ದ ತಾಯಿಯೊಬ್ಬರಿದ್ದರು. ಹಕ್ಕಿಗಳನ್ನು ಕೊಲ್ಲಬಾರದೆಂದು ಬಲ್ಲ ಮಕ್ಕಳಿದ್ದರು. ಅದನ್ನು ಕಲಿಸಿದ ಶಾಲೆಯಿತ್ತು. ಪ್ರಯೋಗಾಲಯದ ಉಪಕರಣಗಳು ವಿಷದ ಪ್ರಮಾಣವನ್ನು ಅಳೆಯುವುದಕ್ಕೆ ಮೊದಲು, ಊರಿನ ಜನರ ಕಿವಿ ಮೌನವನ್ನು ಗುರುತಿಸಿತ್ತು. ಪ್ರಕೃತಿಪಾಠದ ಆಂದೋಲನ ಎರಡು ತಲೆಮಾರು ದುಡಿದು ಸಿದ್ಧಪಡಿಸಿದ್ದ ಇಂಥ ಸಮುದಾಯಗಳು ಇಲ್ಲದಿದ್ದರೆ, ಕಾರ್ಸನ್ನರಿಗೆ ಸಾಕ್ಷಿಗಳೂ ದೊರೆಯುತ್ತಿರಲಿಲ್ಲ, ಓದುಗರೂ ದೊರೆಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

1962ರ ಜೂನಿನಲ್ಲಿ ‘ನ್ಯೂಯಾರ್ಕರ್’ ವಾರಪತ್ರಿಕೆಯಲ್ಲಿ ಮೂರು ಭಾಗಗಳಾಗಿಯೂ, ಸೆಪ್ಟೆಂಬರ್ 27ರಂದು ಪುಸ್ತಕವಾಗಿಯೂ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟವಾಯಿತು. ರಾಸಾಯನಿಕ ಉದ್ಯಮ ಅದರ ಮೇಲೆ ಉಗ್ರವಾಗಿ ಎರಗಿತು. ಕಾರ್ಸನ್ನರು ಎಲ್ಲ ಕೀಟನಾಶಕಗಳನ್ನೂ ಬಹಿಷ್ಕರಿಸಬೇಕೆಂದು ಹೇಳಿದರೆಂಬ ಸುಳ್ಳು ಆಗ ಹುಟ್ಟಿದುದು ಇಂದಿಗೂ ಸತ್ತಿಲ್ಲ. ಆಕೆ ಆಕ್ಷೇಪಿಸಿದುದು, ಪರಿಣಾಮವನ್ನು ಅರಿಯದವರ ಕೈಗೆ ವಿಷವನ್ನು ವಿವೇಚನೆಯಿಲ್ಲದೆ ಕೊಟ್ಟುದನ್ನು ಮತ್ತು ಅದನ್ನು ಸಹಿಸಬೇಕಾದ ಜನರ ಒಪ್ಪಿಗೆಯನ್ನು ಕೇಳದಿದ್ದುದನ್ನು. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನೆಡಿಯವರ ವಿಜ್ಞಾನ ಸಲಹಾಸಮಿತಿಯ ವರದಿ ಆಕೆಯ ನಿಲುವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನಿನಲ್ಲಿ ಆಕೆ ಸೆನೆಟ್ಟಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆ ಹೊತ್ತಿಗೆ ಸ್ತನದ ಕ್ಯಾನ್ಸರ್ ದೇಹವನ್ನೆಲ್ಲ ಆವರಿಸಿದ್ದುದನ್ನು ಹೊರಗಿನವರಿಗೆ ತಿಳಿಯಗೊಡಲಿಲ್ಲ. 1964ರ ಏಪ್ರಿಲ್ 14ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಆಕೆ ನಿಧನಹೊಂದಿದರು. ಅಮೆರಿಕದಲ್ಲಿ ಡಿಡಿಟಿಯ ಸಾಮಾನ್ಯ ಬಳಕೆ ನಿಷಿದ್ಧವಾದುದು 1972ರಲ್ಲಿ.

ನಮ್ಮ ಮಗ್ಗುಲಲ್ಲಿಯೇ ಈ ಚರಿತ್ರೆ ಪುನರಾವರ್ತನೆಗೊಂಡುದನ್ನು ಕನ್ನಡಿಗರು ಬಲ್ಲರು. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆ ನಡೆಯಿತು. ತೋಟಗಳ ಇಳಿಜಾರಿನಲ್ಲಿ ಹಳ್ಳಗಳೂ ಗುಡ್ಡದೊಳಗೆ ಕೊರೆದ ಸುರಂಗದ ನೀರನ್ನು ಕುಡಿಯುವ ಮನೆಗಳೂ ಇದ್ದವು. ಅಲ್ಲಿಯೂ ಮೊದಲು ಎಚ್ಚತ್ತವರು ಊರವರು: ಜೇನು ಬರುತ್ತಿಲ್ಲ, ಕಪ್ಪೆ ಮೀನುಗಳು ಸಾಯುತ್ತಿವೆ, ಹಸುವಿನ ಕರು ವಿಕಾರವಾಗಿ ಹುಟ್ಟಿದೆ ಎಂಬುದನ್ನು ಗಮನಿಸಿದ ಕೃಷಿಕರು. ಆ ನೆಲದವರೇ ಆದ ಕನ್ನಡದ ಪತ್ರಕರ್ತ ಶ್ರೀ ಪಡ್ರೆಯವರು ಇದನ್ನು ಬರೆದು ಹೊರಜಗತ್ತಿಗೆ ತಿಳಿಸಿದ ಮೊದಲಿಗರಲ್ಲಿ ಒಬ್ಬರು. ಸಿಂಪಡಣೆ ನಿಂತುದು 2000ದ ಬಳಿಕ. ದೇಶಾದ್ಯಂತ ಆ ವಿಷವನ್ನು ಸರ್ವೋಚ್ಚ ನ್ಯಾಯಾಲಯ ತಡೆದುದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಏಳಲಾಗದ, ಮಾತಾಡಲಾಗದ ಮಕ್ಕಳು ಹಾಸಿಗೆ ಹಿಡಿದಿದ್ದರು.

ಬೆರಗನ್ನು ಕುರಿತ ಲೇಖನವನ್ನು ಹಿಗ್ಗಿಸಿ ಪುಸ್ತಕವನ್ನಾಗಿ ಮಾಡಬೇಕೆಂಬ ಕಾರ್ಸನ್ನರ ಇಚ್ಛೆ ಕೈಗೂಡಲಿಲ್ಲ. ಪತ್ರಿಕೆಯಲ್ಲಿ ಬಂದಿದ್ದ ಬರೆಹವೇ ಛಾಯಾಚಿತ್ರಗಳೊಡನೆ ‘ದ ಸೆನ್ಸ್ ಆಫ್ ವಂಡರ್’ ಎಂಬ ಹೆಸರಿನಿಂದ 1965ರಲ್ಲಿ ಪ್ರಕಟವಾಯಿತು. ಹನ್ನೆರಡು ವರ್ಷದ ರೋಜರನ ಪೋಷಣೆಯನ್ನು ಆಕೆಯ ಗ್ರಂಥಗಳ ಸಂಪಾದಕರಾಗಿದ್ದ ಪಾಲ್ ಬ್ರೂಕ್ಸರ ಕುಟುಂಬ ವಹಿಸಿಕೊಂಡಿತು.

ಆ ಪುಟ್ಟ ಗ್ರಂಥದಲ್ಲಿ ಹೇಳಿದುದನ್ನೆಲ್ಲ ಕರಾವಳಿಯ ತಂದೆತಾಯಿಯರೂ ಉಪಾಧ್ಯಾಯರೂ ನಾಳೆಯೇ ಮಾಡಿನೋಡಬಹುದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ ಕಡಲ ನೀರು ಉಳಿದ ದಿನಗಳಿಗಿಂತ ಹೆಚ್ಚು ಏರಿ ಹೆಚ್ಚು ಇಳಿಯುವುದರಿಂದ, ಉಳ್ಳಾಲದ ಸೋಮೇಶ್ವರ, ಕಾಪು, ಗೋಕರ್ಣಗಳ ಬಂಡೆಗಳ ಬುಡ ಆಗಲೇ ಚೆನ್ನಾಗಿ ಕಾಣಸಿಗುತ್ತದೆ. ಇಳಿತದ ಹೊತ್ತು ಯಾವುದೆಂದು ಊರಿನ ಮೊಗವೀರರನ್ನು ಕೇಳಿದರೆ ತಿಳಿಸುತ್ತಾರೆ. ಬಂಡೆಯ ಕುಳಿಗಳಲ್ಲಿ ನಿಂತ ನೀರಿನ ಬದಿಯಲ್ಲಿ ಅರ್ಧ ಗಂಟೆ ಕುಕ್ಕುರುಗಾಲಿನಲ್ಲಿ ಕುಳಿತರೆ ಸಾಕು, ಮಗುವಿಗೆ ಬೇರೇನನ್ನೂ ತೋರಿಸಬೇಕಾಗಿಲ್ಲ. ರೋಜರನು ಬೆನ್ನಟ್ಟಿದ ಏಡಿಗಳ ದಾಯಾದಿಗಳು ನಮ್ಮ ಮರಳಿನಲ್ಲಿಯೂ ಬಿಲ ತೋಡಿಕೊಂಡಿವೆ. ಅವನ್ನು ನೋಡಲು ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಬೇಕು. ಮಳೆಗಾಲದ ಕಡಲಿಗೆ ಮಕ್ಕಳನ್ನು ಇಳಿಸುವುದು ಅಪಾಯ; ಅಲೆಗಳು ತಗ್ಗುವ ಮಾರ್ಗಶಿರದಿಂದ ಫಾಲ್ಗುಣದವರೆಗಿನ ತಿಂಗಳುಗಳು ಇದಕ್ಕೆ ಅನುಕೂಲವಾದವು.